ಮೆಟ್ಟಿಲಿಳಿಯದ ಸದಸ್ಯರು: ಮುಂಬಯಿಯ ಒಂದು ಕನ್ನಡ ಸಂಘದ ಅಗತ್ಯ ಸಮೀಕ್ಷೆ

ಹಿನ್ನೆಲೆ

ಮುಂಬಯಿಯ ಒಂದು ಉಪನಗರದಲ್ಲಿರುವ ಕನ್ನಡ ಸಂಘವು ತನ್ನ ಹಿರಿಯ ಸದಸ್ಯರಿಗಾಗಿ ಹೊಸ ಕಾರ್ಯಕ್ರಮವೊಂದನ್ನು ರೂಪಿಸಲು ಹೊರಟಾಗ ನಡೆದ ಅಗತ್ಯ ಸಮೀಕ್ಷೆಯ ವಿವರ ಇದು. ಸಮೀಕ್ಷೆಯ ಹೊಣೆ ನನ್ನ ಮೇಲಿತ್ತು. ಸಂಘದ ಹೆಸರನ್ನೂ ವ್ಯಕ್ತಿಗಳ ಗುರುತನ್ನೂ ಬಿಟ್ಟಿದ್ದೇನೆ. ಕೆಲವರ ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ನಿರ್ಧಾರಗಳು ಹೇಗಾದವು, ಎಲ್ಲಿ ದಾರಿ ಬದಲಾಯಿತು ಎಂಬುದನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ. ನಮ್ಮ ಎಷ್ಟೋ ಸಂಘಗಳು ಇಂದು ಇಂಥದೇ ಪ್ರಶ್ನೆಯ ಎದುರು ನಿಂತಿವೆ.

ಸಂಘಕ್ಕೆ ನಾಲ್ಕು ದಶಕ ದಾಟಿದೆ. ಸದಸ್ಯರಲ್ಲಿ ಬಹುಪಾಲು ಉಡುಪಿ, ದಕ್ಷಿಣ ಕನ್ನಡದಿಂದ ಬಂದವರು. ಹುಡುಗರಾಗಿದ್ದಾಗ ಹೊಟೇಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಬ್ಯಾಂಕು, ರೈಲ್ವೆ, ಕಾರ್ಖಾನೆ ಸೇರಿದವರಿದ್ದಾರೆ. ಬಟ್ಟೆ ಗಿರಣಿಗಳ ಕ್ಯಾಂಟೀನ್ ನಡೆಸುತ್ತಿದ್ದು, 1982ರ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಬೇರೆ ದಾರಿ ಹಿಡಿದವರಿದ್ದಾರೆ. ಆ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ದುಡಿಯುವ ಕಾಲದಲ್ಲಿ ಅವರು ಕೊಂಡ ಮನೆಗಳು ಮೂರು ನಾಲ್ಕು ಮಹಡಿಯ, ಲಿಫ್ಟ್ ಇಲ್ಲದ ಹಳೆಯ ಸೊಸೈಟಿಗಳಲ್ಲಿವೆ. ಮಕ್ಕಳು ಬೆಂಗಳೂರು, ಕೊಲ್ಲಿ ದೇಶಗಳಲ್ಲಿದ್ದಾರೆ, ಇಲ್ಲವೇ ಇದೇ ನಗರದಲ್ಲಿದ್ದುಕೊಂಡು ಬೆಳಗ್ಗೆ ಏಳಕ್ಕೆ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾರೆ.

ಸಂಘದ ಚಟುವಟಿಕೆಗಳಿಗೆ ಕೊರತೆಯಿರಲಿಲ್ಲ. ಭಜನೆ, ಯಕ್ಷಗಾನ, ಮಹಿಳಾ ವಿಭಾಗದ ಅರಸಿನ ಕುಂಕುಮ, ತುಳುವರ ಆಟಿ ತಿಂಗಳ ಆಚರಣೆಯಾದ ಆಟಿಡೊಂಜಿ ದಿನ, ವರ್ಷಕ್ಕೊಮ್ಮೆ ನೇತ್ರ ತಪಾಸಣಾ ಶಿಬಿರ ಎಲ್ಲವೂ ತಪ್ಪದೆ ನಡೆಯುತ್ತಿದ್ದವು. ಈ ನಡುವೆ ಹೊಟೇಲ್ ಉದ್ಯಮಿಯೊಬ್ಬರ ಮಗ, ತೀರಿಕೊಂಡ ತಂದೆಯ ಹೆಸರಿನಲ್ಲಿ ದೊಡ್ಡ ಮೊತ್ತದ ದತ್ತಿ ಕೊಡಲು ಮುಂದೆ ಬಂದರು. ತಂದೆಯವರ ವಯಸ್ಸಿನವರಿಗೆ ಏನಾದರೂ ಆಗಬೇಕು ಎಂಬುದು ಅವರ ಆಸೆ. ಕಾರ್ಯಕಾರಿ ಸಮಿತಿ ಒಂದೇ ಸಭೆಯಲ್ಲಿ ಯೋಜನೆ ಸಿದ್ಧಪಡಿಸಿತು: ಸಂಘದ ಎರಡನೆಯ ಮಹಡಿಯ ಸಭಾಗೃಹವನ್ನು ಹಿರಿಯರ ಹಗಲು ಆರೈಕೆ ಕೇಂದ್ರವನ್ನಾಗಿ ಮಾಡುವುದು. ಪತ್ರಿಕೆ, ಕೇರಂ, ಟೀವಿ, ಮಧ್ಯಾಹ್ನದ ಊಟ, ಬಾಗಿಲ ಮೇಲೆ ದಾನಿಯ ತಂದೆಯ ಹೆಸರು.

ಯೋಜನೆಗೆ ಆಧಾರವೂ ಇತ್ತು. ಸಂಘದ ಮುಖವಾಣಿಯ ಜತೆ ಒಂದು ಪ್ರಶ್ನಾವಳಿ ಕಳಿಸಿ, ‘ಕೆಳಗಿನವುಗಳಲ್ಲಿ ನಿಮಗೆ ಯಾವುದು ಬೇಕು’ ಎಂದು ಕೇಳಲಾಗಿತ್ತು. ಯೋಗ, ಭಜನೆ, ಆರೋಗ್ಯ ಶಿಬಿರ, ಪ್ರವಾಸ, ಹಗಲು ಕೇಂದ್ರ ಎಂಬ ಐದು ಆಯ್ಕೆಗಳಿದ್ದವು. ಉತ್ತರಿಸಿದವರಲ್ಲಿ ಹೆಚ್ಚಿನವರು ಎಲ್ಲದಕ್ಕೂ ಗುರುತು ಹಾಕಿದ್ದರು. ನನ್ನನ್ನು ಕರೆಸಿದ್ದು ಈ ಹಂತದಲ್ಲಿ. ದಾನಿಯ ಲೆಕ್ಕಪರಿಶೋಧಕರು ವಿಧಿವತ್ತಾದ ಸಮೀಕ್ಷಾ ವರದಿ ಕೇಳಿದ್ದರಿಂದ, ತೀರ್ಮಾನಕ್ಕೆ ಒಪ್ಪುವ ವರದಿಯೊಂದು ಸಮಿತಿಗೆ ಬೇಕಾಗಿತ್ತು.

ತೊಡಕು ಎಲ್ಲಿತ್ತು

ಪ್ರಶ್ನಾವಳಿಯ ಉತ್ತರಗಳನ್ನು ನಾನು ತಳ್ಳಿಹಾಕಲಿಲ್ಲ. ಯಾರು ಉತ್ತರಿಸಿದ್ದಾರೆ ಎಂದು ಮೊದಲು ನೋಡಿದೆ. ಸಂಘದ ಗುಮಾಸ್ತರು ಹಾಳೆಗಳನ್ನು ತಿರುವುತ್ತಾ ಒಬ್ಬೊಬ್ಬರ ಗುರುತು ಹೇಳುತ್ತಾ ಹೋದರು: ಇವರು ಶನಿವಾರದ ಭಜನೆಗೆ ಬರುವವರು, ಇವರು ಯೋಗಕ್ಕೆ, ಇವರು ಮಹಾಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂರುವವರು. ಅಂದರೆ ಉತ್ತರ ಬಂದದ್ದು ಈಗಾಗಲೇ ಸಂಘಕ್ಕೆ ಬರಬಲ್ಲವರಿಂದ. ಅವರ ಬಯಕೆಗಳು ಸುಳ್ಳಲ್ಲ. ಆದರೆ ಹಿರಿಯರಿಗಾಗಿ ಎಂದು ತೆಗೆದಿಟ್ಟ ಹಣದ ಮೇಲೆ ಮೊದಲ ಹಕ್ಕು ಬರಲಾಗದವರದು ಎಂದು ನಾನು ನಂಬಿದ್ದೆ. ಅದನ್ನು ಸಮಿತಿಗೆ ನೇರವಾಗಿ ಹೇಳಿದೆ.

ಅಗತ್ಯವನ್ನು ಅಳೆಯುವಾಗ ನಾನು ಎರಡು ಸಂಗತಿಗಳನ್ನು ಮರೆಯುವುದಿಲ್ಲ. ಮೊದಲನೆಯದು, ಅಗತ್ಯವೆಂದರೆ ಇಂದಿನ ಸ್ಥಿತಿಗೂ ಇರಬೇಕಾದ ಸ್ಥಿತಿಗೂ ನಡುವಿನ ಅಂತರ. ‘ಹಗಲು ಕೇಂದ್ರ ಬೇಕು’ ಎನ್ನುವುದು ಅಗತ್ಯವಲ್ಲ, ಪರಿಹಾರ; ಅದು ಯಾವ ಅಂತರವನ್ನು ತುಂಬುತ್ತದೆ ಎಂದು ಕೇಳಬೇಕು. ಎರಡನೆಯದು, ಬ್ರಿಟನ್ನಿನ ಸಮಾಜನೀತಿ ವಿದ್ವಾಂಸ ಜೊನಾಥನ್ ಬ್ರಾಡ್‌ಶಾ 1972ರಲ್ಲಿ ಮಾಡಿದ ವಿಂಗಡಣೆ. ಜನರ ಮನಸ್ಸಿನಲ್ಲಿರುವ ಅಗತ್ಯ, ಅವರು ಬಂದು ಕೇಳುವ ಅಗತ್ಯ, ತಜ್ಞರು ಇಷ್ಟಾದರೂ ಇರಬೇಕು ಎಂದು ಗೊತ್ತುಮಾಡುವ ಅಗತ್ಯ, ಇಂಥದೇ ಇನ್ನೊಂದು ಗುಂಪಿಗೆ ಸಿಕ್ಕಿದ್ದು ಇವರಿಗೆ ಸಿಕ್ಕಿಲ್ಲ ಎಂಬ ಹೋಲಿಕೆಯಿಂದ ಕಾಣುವ ಅಗತ್ಯ. ಈ ನಾಲ್ಕೂ ಒಂದೇ ಕಡೆ ಬೊಟ್ಟು ಮಾಡುವುದು ಅಪರೂಪ. ನಮ್ಮ ಸಂಘಗಳು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತವೆ. ಕಚೇರಿಗೆ ಬಂದು ಕೇಳಿದವರ ಮಾತು ಸಭೆಯ ನಡಾವಳಿಗೆ ಸೇರುತ್ತದೆ, ಬಾರದವರ ಮಾತು ಸೇರುವುದಿಲ್ಲ.

ಕೆಲಸ ಶುರುವಾಗುವ ಮೊದಲೇ ಸಮಿತಿಯಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಭೇಟಿಯಾದ ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರ ನೆರವೂ ಇಲ್ಲದೆ ಮನೆಯಿಂದ ಸಂಘದವರೆಗೆ ಬರಲಾಗದು ಎಂದು ಕಂಡುಬಂದರೆ, ಹಗಲು ಕೇಂದ್ರದ ಯೋಜನೆಯನ್ನು ಮತ್ತೆ ಚರ್ಚೆಗೆ ತರಬೇಕು. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಕಾಗದ ಅದೇ. ಯಾವ ಉತ್ತರ ಬಂದರೆ ನಿರ್ಧಾರ ಬದಲಾಗುತ್ತದೆ ಎಂದು ಮೊದಲೇ ಒಪ್ಪಿಕೊಳ್ಳದಿದ್ದರೆ, ಬಂದ ಉತ್ತರವನ್ನು ಮುಂಚಿನ ತೀರ್ಮಾನಕ್ಕೆ ತಕ್ಕಂತೆ ಓದುವುದು ಯಾರಿಗೂ ಕಷ್ಟವಲ್ಲ.

ಕಪಾಟಿನಲ್ಲಿದ್ದ ಪುಸ್ತಕಗಳು

ಮನೆಗಳಿಗೆ ಹೋಗುವ ಮೊದಲು ಸಂಘದ ಕಪಾಟನ್ನೇ ತೆಗೆಸಿದೆ. ನೇತ್ರ ಶಿಬಿರದ ದಾಖಲೆ ಪುಸ್ತಕಗಳು ವರ್ಷಾನುಕ್ರಮದಲ್ಲಿದ್ದವು. ಪ್ರತಿ ವರ್ಷ ಎಷ್ಟು ಜನರ ತಪಾಸಣೆಯಾಯಿತು, ಎಷ್ಟು ಕನ್ನಡಕ ಹಂಚಲಾಯಿತು ಎಂಬ ಸಂಖ್ಯೆ ವಾರ್ಷಿಕ ವರದಿಗೆ ಹೋಗುತ್ತಿತ್ತು. ಮಹಿಳಾ ವಿಭಾಗದ ಸದಸ್ಯೆಯೊಬ್ಬರನ್ನು ಜತೆಗೆ ಕೂರಿಸಿಕೊಂಡು, ಒಂದು ವರ್ಷದ ಪುಸ್ತಕವನ್ನು ಮರುವರ್ಷದ್ದರ ಪಕ್ಕದಲ್ಲಿಟ್ಟು, ಹೆಸರಿನಿಂದ ಹೆಸರಿಗೆ ಹೋಲಿಸಿದೆವು.

ಎಪ್ಪತ್ತೆಂಟು ವರ್ಷದ ಒಬ್ಬ ಅಮ್ಮನ ಹೆಸರಿನ ಮುಂದೆ, ಬಲಗಣ್ಣಿಗೆ ಪೊರೆ, ಶಸ್ತ್ರಚಿಕಿತ್ಸೆಗೆ ಸಲಹೆ ಎಂದಿತ್ತು. ಮರುವರ್ಷವೂ ಅದೇ ಹೆಸರು, ಅದೇ ಕಣ್ಣು, ಅದೇ ಸಲಹೆ. ಅದರ ಮುಂದಿನ ವರ್ಷ ಎರಡೂ ಕಣ್ಣು. ನಾಲ್ಕನೆಯ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಇಂಥ ಹೆಸರುಗಳು ಒಂದೆರಡಲ್ಲ, ಪುಟಪುಟಕ್ಕೂ ಸಿಕ್ಕವು. ಜತೆಗಿದ್ದ ಸದಸ್ಯೆ ಪೆನ್ಸಿಲ್ ಕೆಳಗಿಟ್ಟು, “ಇವರೆಲ್ಲ ಆಪರೇಷನ್ ಮಾಡಿಸಿಕೊಂಡಿದ್ದಾರೆ ಎಂದೇ ನಾವು ತಿಳಿದಿದ್ದೆವು” ಎಂದರು.

ಸಮೀಕ್ಷೆಯ ದಿಕ್ಕು ತಿರುಗಿದ್ದು ಇಲ್ಲಿ. ರೋಗ ಪತ್ತೆ ಮಾಡುವ ಕೆಲಸ ಸಂಘದಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಪತ್ತೆಯಾದ ಮೇಲೆ ಏನೋ ಅಡ್ಡ ಬರುತ್ತಿತ್ತು. ಹಣದ ಅಡ್ಡಿ ಎಂದು ಸಮಿತಿಯ ಊಹೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಪಾಲಿಕೆಯ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಆಗುವ ಖರ್ಚು ಕಡಿಮೆ. ಮಹಾರಾಷ್ಟ್ರದ 1950ರ ಸಾರ್ವಜನಿಕ ನ್ಯಾಸ ಕಾಯಿದೆಯಡಿ ನೋಂದಾಯಿತ ದತ್ತಿ ಆಸ್ಪತ್ರೆಗಳು ಶೇ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ, ಕೇಂದ್ರ ಸರ್ಕಾರದ ಆಯುಷ್ಮಾನ್ ಸೌಲಭ್ಯವೂ 2024ರ ಅಕ್ಟೋಬರಿನಲ್ಲಿ ಬಂದಿತ್ತು. ಹಣಕ್ಕೆ ದಾರಿಗಳಿದ್ದವು. ಆ ದಾರಿಗಳ ತನಕ ಈ ಜನ ಏಕೆ ತಲುಪಿರಲಿಲ್ಲ ಎಂಬುದೇ ಪ್ರಶ್ನೆ.

ಮನೆ ಭೇಟಿಗಳು

ಭೇಟಿಗೆ ಮನೆಗಳನ್ನು ಆರಿಸಿದ್ದು ಮೂರು ಪಟ್ಟಿಗಳಿಂದ. ಶಿಬಿರದ ಪುಸ್ತಕದಲ್ಲಿ ಸಲಹೆ ಪಡೆದು ಉಳಿದವರು, ಮೊದಲು ತಪ್ಪದೆ ಬರುತ್ತಿದ್ದು ಈಗ ಕಾಣಿಸದವರು, ಮುಖವಾಣಿಯ ಅಂಚೆ ಪ್ರತಿ ವಾಪಸಾದವರು. ಮೂರನೆಯ ಪಟ್ಟಿ ಬಹಳ ಕಲಿಸಿತು. ಆ ಮನೆಗಳಲ್ಲಿ ಹಲವು ಪುನರ್ನಿರ್ಮಾಣಕ್ಕೆ ಹೋದ ಕಟ್ಟಡಗಳಲ್ಲಿದ್ದವು. ಹೊಸ ಕಟ್ಟಡ ಏಳುವವರೆಗೆ ಕುಟುಂಬಗಳು ಬಾಡಿಗೆ ಕಡಿಮೆಯಿರುವ ದೂರದ ಉಪನಗರಗಳಿಗೆ ಹೋಗಿದ್ದವು. ನಲವತ್ತು ವರ್ಷ ಎದುರು ಬಾಗಿಲಲ್ಲಿದ್ದ ನೆರೆಯವರು ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ಚದುರಿದ್ದರು. ಔಷಧಿ ತಂದುಕೊಡುತ್ತಿದ್ದ, ಗ್ಯಾಸ್ ಸಿಲಿಂಡರ್ ಪಡೆದಿಡುತ್ತಿದ್ದ, ಬಾಗಿಲು ತೆರೆಯದಿದ್ದರೆ ಬಂದು ತಟ್ಟುತ್ತಿದ್ದ ಕೈಗಳು ಒಮ್ಮೆಗೇ ಇಲ್ಲವಾಗಿದ್ದವು.

ಪ್ರಶ್ನೆಗಳ ಸ್ವರೂಪವನ್ನು ಬದಲಿಸಿದೆವು. ‘ನಿಮಗೇನು ಬೇಕು’ ಎಂದು ಕೇಳಲೇ ಇಲ್ಲ. ಕೊನೆಯ ಸಲ ಮೆಟ್ಟಿಲಿಳಿದದ್ದು ಯಾವಾಗ? ಯಾತಕ್ಕೆ? ಜತೆಗೆ ಯಾರಿದ್ದರು? ಕಳೆದ ಕೆಲವು ತಿಂಗಳುಗಳಲ್ಲಿ ಮಾಡಬೇಕೆಂದುಕೊಂಡು ಮಾಡಲಾಗದೆ ಉಳಿದ ಕೆಲಸ ಯಾವುದು? ನಡೆದದ್ದನ್ನು ಕೇಳಿದರೆ ಜನ ನಡೆದದ್ದನ್ನು ಹೇಳುತ್ತಾರೆ. ಬೇಕಾದದ್ದನ್ನು ಕೇಳಿದರೆ, ಕೇಳುವವರಿಗೆ ಬೇಸರವಾಗದಂಥದ್ದನ್ನು ಹೇಳುತ್ತಾರೆ. ನಮ್ಮ ಹಿರಿಯರಲ್ಲಂತೂ ಈ ದಾಕ್ಷಿಣ್ಯ ತುಂಬಾ ಹೆಚ್ಚು.

ಸ್ವಯಂಸೇವಕರನ್ನು ಜೋಡಿಯಾಗಿ ಕಳಿಸಿದೆವು, ಒಬ್ಬರಿಗಾದರೂ ತುಳು ಬರಲೇಬೇಕು ಎಂದು ಗೊತ್ತುಮಾಡಿದೆವು. ಒಬ್ಬರು ಮನೆಯವರ ಜತೆ ಮಾತಿಗೆ ಕುಳಿತರೆ ಇನ್ನೊಬ್ಬರು ಹಿರಿಯರ ಪಕ್ಕದಲ್ಲಿ. ಮಗ ಸೊಸೆ ಎದುರಿಗಿದ್ದಾಗ ‘ನನಗೇನೂ ಕಡಿಮೆಯಿಲ್ಲ’ ಎಂದವರು, ಅಡುಗೆ ಮನೆಯಲ್ಲಿ ಒಬ್ಬರೇ ಸಿಕ್ಕಾಗ ತುಳುವಿನಲ್ಲಿ ಬೇರೆಯದೇ ಕಥೆ ಹೇಳಿದ್ದುಂಟು. ಇನ್ನೊಂದು ಸಿದ್ಧತೆಯನ್ನೂ ಮಾಡಿಕೊಂಡಿದ್ದೆವು. ಮನೆಯೊಳಗೆ ಹೊಕ್ಕ ಮೇಲೆ ಹಿಂಸೆಯೋ ನಿರ್ಲಕ್ಷ್ಯವೋ ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲೇ ವಕೀಲರೊಬ್ಬರ ಜತೆ ಕುಳಿತು ಬರೆದಿಟ್ಟಿದ್ದೆವು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯಿದೆಯಡಿ ನ್ಯಾಯಮಂಡಳಿಗೆ ಅರ್ಜಿ ಹಾಕುವ ಕ್ರಮ, ಹಿರಿಯರ ಸಹಾಯವಾಣಿ 14567, ಮತ್ತು ಹಿರಿಯರ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು ಎಂಬ ನಿಯಮ. ಒಂದು ಮನೆಯಲ್ಲಿ ಅದು ಬೇಕಾಗಿ ಬಂತು. ಆ ಮನೆಯ ತಾಯಿ ದೂರು ಬೇಡವೆಂದರು. ಅವರ ಮಾತಿಗೆ ಬೆಲೆ ಕೊಟ್ಟು, ವಾರಕ್ಕೊಮ್ಮೆ ಫೋನು ಮಾಡುವ ಪಟ್ಟಿಯಲ್ಲಿ ಅವರ ಹೆಸರು ಬರೆದೆವು.

ದಾಖಲೆ ಪುಸ್ತಕದ ಅಮ್ಮ ಸಿಕ್ಕಿದ್ದು ಮೂರನೆಯ ಮಹಡಿಯಲ್ಲಿ. ಮಗ ವಿದೇಶದಲ್ಲಿ ಹಡಗಿನ ಕೆಲಸ, ಮಗಳು ಪುಣೆಯಲ್ಲಿ. ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅವರ ಎಲ್ಲ ಕಾಗದಗಳೂ ಇದ್ದವು. ಶಿಬಿರದ ಚೀಟಿ, ಆಸ್ಪತ್ರೆಯ ಕೇಸ್ ಪೇಪರ್, ರಕ್ತ ಪರೀಕ್ಷೆಯ ವರದಿ, ಶಸ್ತ್ರಚಿಕಿತ್ಸೆಗೆ ಕೊಟ್ಟ ತಾರೀಖು. ತಾರೀಖು ಎಂದೋ ದಾಟಿತ್ತು. ಚೀಟಿಯ ಕೆಳಗೆ ಯಾರೋ ಕೈಯಿಂದ ಮರಾಠಿಯಲ್ಲಿ ಬರೆದಿದ್ದರು: ಜತೆಗೆ ಒಬ್ಬರು ಬರಬೇಕು. “ಹಣ ಮಗ ಕಳಿಸುತ್ತಾನೆ ಮಗಳೇ. ಜತೆಗೆ ಬರಲು ಯಾರನ್ನು ಕರೆಯಲಿ? ಎಲ್ಲರಿಗೂ ಕೆಲಸ ಇದೆ. ರಜೆ ಹಾಕಿ ಬಾ ಎಂದು ಯಾವ ಬಾಯಿಂದ ಕೇಳಲಿ?” ಎಂದು ಅವರು ಸ್ವಯಂಸೇವಕಿಯನ್ನು ಕೇಳಿದರು.

ಆ ಒಂದು ಸಾಲು, ಜತೆಗೆ ಒಬ್ಬರು ಬರಬೇಕು ಎಂಬುದು, ಮನೆಯಿಂದ ಮನೆಗೆ ಬೇರೆ ಬೇರೆ ರೂಪದಲ್ಲಿ ಎದುರಾಯಿತು. ನಿವೃತ್ತ ಬ್ಯಾಂಕ್ ನೌಕರರೊಬ್ಬರಿಗೆ, ಪಿಂಚಣಿ ನಿಲ್ಲದಿರಲು ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣ ಪತ್ರ ದೊಡ್ಡ ಚಿಂತೆ. ಸವೆದ ಬೆರಳಚ್ಚನ್ನು ಯಂತ್ರ ಗುರುತಿಸುವುದಿಲ್ಲ. 2021ರಿಂದ ಮುಖ ತೋರಿಸಿ ಮೊಬೈಲಿನಲ್ಲೇ ಪ್ರಮಾಣ ಪತ್ರ ಪಡೆಯುವ ವ್ಯವಸ್ಥೆ ಬಂದಿದೆ. ಅವರಿಗೆ ಅದು ಗೊತ್ತಿರಲಿಲ್ಲ, ಮಾಡಿಕೊಡುವವರೂ ಇರಲಿಲ್ಲ. 70 ದಾಟಿದವರಿಗೆ ಮನೆಬಾಗಿಲಿಗೆ ಬ್ಯಾಂಕ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿದ್ದನ್ನು ಬ್ಯಾಂಕಿನಲ್ಲೇ ದುಡಿದ ಅವರೂ ಬಳಸಿರಲಿಲ್ಲ. ಇನ್ನೊಂದು ಮನೆಯಲ್ಲಿ ಮರೆವಿನ ಕಾಯಿಲೆಗೆ ಸಿಕ್ಕ ಹಿರಿಯರೊಬ್ಬರು, ಜೀವಮಾನವಿಡೀ ಆಡಿದ ಹಿಂದಿ ಮರಾಠಿಗಳನ್ನು ಕಳೆದುಕೊಂಡು ಬಾಲ್ಯದ ತುಳುವಿಗೆ ಮರಳಿದ್ದರು. ನೋಡಿಕೊಳ್ಳುವ ಹುಡುಗನಿಗೆ ತುಳು ಬಾರದು. ವೈದ್ಯರ ಮುಂದೆ ಹೊಟ್ಟೆನೋವು ಎಂದು ಹೇಳಿದರೂ ತಿಳಿಯುವವರಿಲ್ಲ.

ಇದೇ ಹೊತ್ತಿಗೆ ಇನ್ನೊಂದು ತಂಡ ಪ್ರದೇಶದಲ್ಲಿ ಈಗಾಗಲೇ ಏನೇನಿದೆ ಎಂದು ನೋಡಿ ಬಂತು. ಮರಾಠಿ ಬಾಂಧವರ ಜ್ಯೇಷ್ಠ ನಾಗರಿಕ ಸಂಘಗಳು, ಉದ್ಯಾನದ ನಗೆಕೂಟ, ದೇವಸ್ಥಾನದ ಭಜನೆ. ನಡೆಯಬಲ್ಲ ಹಿರಿಯರಿಗೆ ಹಗಲು ಕಳೆಯಲು ಜಾಗಗಳಿದ್ದವು, ನಮ್ಮವರು ಅಲ್ಲಿಗೆ ಹೋಗುತ್ತಲೂ ಇದ್ದರು. ತುಳುವಿನಲ್ಲಿ ಮಾತಾಡುತ್ತಾ ಆಸ್ಪತ್ರೆಯ ಸಾಲಿನಲ್ಲಿ ಪಕ್ಕಕ್ಕೆ ಕೂರುವವರನ್ನು ಕೊಡುವ ಸಂಸ್ಥೆ ಮಾತ್ರ ಒಂದೂ ಸಿಗಲಿಲ್ಲ. ಔಷಧಿ ಅಂಗಡಿಯವರು, ಸೊಸೈಟಿಗಳ ಕಾವಲುಗಾರರು, ಮನೆಗೆಲಸದ ಬಾಯಿಯರು ಹೇಳಿದ್ದೂ ಇದಕ್ಕೆ ಹೊಂದಿತು. ಯಾರ ಮನೆಯ ಔಷಧಿ ಚೀಟಿ ಹಳೆಯದಾಗಿದ್ದರೂ ಅದನ್ನೇ ಕಳಿಸಿ ಮಾತ್ರೆ ತರಿಸುತ್ತಿದ್ದಾರೆ ಎಂಬುದು ಔಷಧಿ ಅಂಗಡಿಯವರಿಗೆ ಗೊತ್ತು, ಸಂಘಕ್ಕೆ ಗೊತ್ತಿಲ್ಲ.

ಸಭೆ ಮತ್ತು ದಾನಿ

ಭೇಟಿಯಾದವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಜನ ನೆರವಿಲ್ಲದೆ ಸಂಘದವರೆಗೆ ಬರಲಾಗದವರು. ಸಹಿ ಮಾಡಿದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಹಗಲು ಕೇಂದ್ರದ ಬದಲು, ಹಿರಿಯರ ಜತೆ ಆಸ್ಪತ್ರೆಗೆ ಹೋಗುವ ಜತೆಗಾರರನ್ನು ಸಂಬಳಕ್ಕೆ ನೇಮಿಸುವ ಮಾತು ಬಂತು. ಆದರೂ ಸಭೆ ಸುಲಭವಾಗಲಿಲ್ಲ. ಕೋಶಾಧಿಕಾರಿಗಳ ಆಕ್ಷೇಪ ತೂಕದ್ದಾಗಿತ್ತು: ಸಭಾಗೃಹ ನವೀಕರಿಸಿದರೆ ಆಸ್ತಿ ಉಳಿಯುತ್ತದೆ, ಸೇವೆಗೆ ಸುರಿದ ಹಣ ವರ್ಷ ಕಳೆದರೆ ಖಾಲಿ. ಇನ್ನೊಬ್ಬರು ಸ್ವಯಂಸೇವಕರೇ ಜತೆಗೆ ಹೋಗಲಿ, ಸಂಬಳ ಏಕೆ ಎಂದರು. ಆಸ್ಪತ್ರೆಯ ಹೊರರೋಗಿ ವಿಭಾಗ ನಡೆಯುವುದು ಕೆಲಸದ ದಿನದ ಬೆಳಗ್ಗೆ, ನಮ್ಮ ಸ್ವಯಂಸೇವಕರು ಸಿಗುವುದು ಭಾನುವಾರ ಎಂದು ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ ಉತ್ತರಿಸಿದರು.

ಅಗತ್ಯಗಳನ್ನು ಸಾಲಾಗಿ ಬರೆದು, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿಸಿದೆ. ಇದು ಹಾಗೇ ಉಳಿದರೆ ಆಗುವ ಹಾನಿ ಎಷ್ಟು? ಬೇರೆ ಯಾರಾದರೂ ಇದನ್ನು ಮಾಡುತ್ತಿದ್ದಾರೆಯೇ? ನಮ್ಮ ಕೈಯಲ್ಲಿ ಆಗುತ್ತದೆಯೇ? ರಾತ್ರಿಯ ತುರ್ತು ಪರಿಸ್ಥಿತಿ ಮೊದಲ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮೇಲಿತ್ತು, ಮೂರನೆಯದರಲ್ಲಿ ಬಿದ್ದುಹೋಯಿತು. ಅದು ನಮ್ಮ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಳ್ಳಲು ಸಭೆಗೆ ಬಹಳ ಹೊತ್ತು ಹಿಡಿಯಿತು. ಮೂರರಲ್ಲೂ ಉಳಿದದ್ದು ಜತೆಗಾರರ ಸೇವೆ.

ದಾನಿಗೆ ವರದಿಯ ಸಾರಾಂಶ ಕಳಿಸಿ ಸುಮ್ಮನಾಗುವುದು ಬೇಡವೆಂದೆ. ಅವರನ್ನೇ ಎರಡು ಮನೆಗಳಿಗೆ, ಮನೆಯವರ ಒಪ್ಪಿಗೆ ಪಡೆದು, ಕರೆದೊಯ್ದೆವು. ಎರಡನೆಯ ಮನೆಯ ಹಿರಿಯರು ಅವರ ತಂದೆಯ ಹೊಟೇಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು. ಕೆಳಗಿಳಿದು ಬಂದ ಮೇಲೆ ದಾನಿ ಕೇಳಿದ್ದು ಒಂದೇ ಮಾತು: ಅಪ್ಪನ ಹೆಸರನ್ನು ಸೇವೆಗೆ ಇಡಬಹುದೇ? ಮೂಲಧನವನ್ನು ಠೇವಣಿಯಾಗಿಟ್ಟು ಬಡ್ಡಿಯಿಂದ ಸೇವೆ ನಡೆಸುವುದು ಎಂದು ಗೊತ್ತಾಯಿತು. ಕೋಶಾಧಿಕಾರಿಗಳ ಆತಂಕಕ್ಕೂ ಅದು ಉತ್ತರವಾಯಿತು.

ಏನಾಯಿತು

ಸಮುದಾಯದವರೇ ಆದ, ಮಕ್ಕಳು ಬೆಳೆದು ಹಗಲು ಬಿಡುವಿರುವ ಇಬ್ಬರು ಗೃಹಿಣಿಯರನ್ನು ಅರೆಕಾಲಿಕ ವೇತನಕ್ಕೆ ನೇಮಿಸಲಾಯಿತು. ತುಳು, ಕನ್ನಡ, ಮರಾಠಿ ಮೂರೂ ಬಲ್ಲವರು, ಯಾವ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಎಷ್ಟು ಗಂಟೆಗೆ ಮಾಡಿಸಬೇಕು ಎಂದು ಅರಿತವರು. ರಿಕ್ಷಾ ಬಾಡಿಗೆ ಸಂಘದ್ದು. ಸಂಘದ ಕಚೇರಿಗೆ ಫೋನು ಮಾಡಿದರೆ ಸಾಕು ಎಂದು ಮುಖವಾಣಿಯಲ್ಲಿ ಪ್ರಕಟಣೆ ಹೋಯಿತು.

ಫೋನು ಬರಲಿಲ್ಲ. ಮೊದಲ ತಿಂಗಳುಗಳಲ್ಲಿ ಬಂದ ಕೆಲವೇ ಕರೆಗಳೂ ಮಕ್ಕಳು ದೂರದಿಂದ ಮಾಡಿದ್ದು. ಅಗತ್ಯವೇ ಇಲ್ಲವೇನೋ ಎಂಬ ಮಾತು ಸಮಿತಿಯಲ್ಲಿ ಮತ್ತೆ ಕೇಳಿಬಂತು. ಮನೆಗಳಲ್ಲಿ ಕಂಡದ್ದನ್ನು ನೆನಪಿಸಿದೆ. ರಜೆ ಹಾಕಿ ಬಾ ಎಂದು ಸ್ವಂತ ಮಗಳನ್ನೇ ಕೇಳಲಾರದವರು ಸಂಘದ ಕಚೇರಿಗೆ ಫೋನು ಮಾಡಿಯಾರೇ? ಕ್ರಮವನ್ನು ತಿರುಗಿಸಿದೆವು. ಜತೆಗಾತಿಯರೇ ದಾಖಲೆ ಪುಸ್ತಕದ ಪಟ್ಟಿ ಹಿಡಿದು ಫೋನು ಮಾಡತೊಡಗಿದರು. “ಅಮ್ಮಾ, ಮಂಗಳವಾರ ನಾನು ಹೇಗೂ ಆ ಆಸ್ಪತ್ರೆಗೆ ಹೋಗುತ್ತಿದ್ದೇನೆ, ನೀವೂ ಬರುತ್ತೀರಾ?” ಎಂದು ಕೇಳುವುದನ್ನು ಅವರೇ ರೂಢಿಸಿಕೊಂಡರು. ಆಮೇಲೆ ಕೆಲಸ ಕೈ ಮೀರುವಷ್ಟಾಯಿತು. ಮೂರನೆಯ ಮಹಡಿಯ ಅಮ್ಮನ ಎರಡೂ ಕಣ್ಣುಗಳ ಪೊರೆ ತೆಗೆದಾಗಿದೆ. ನವೆಂಬರಿನಲ್ಲಿ ಯುವ ವಿಭಾಗದ ಹುಡುಗರು ಮೊಬೈಲ್ ಹಿಡಿದು ಮನೆಮನೆಗೆ ಹೋಗಿ ಜೀವನ ಪ್ರಮಾಣ ಪತ್ರ ಮಾಡಿಕೊಡುತ್ತಾರೆ. ಈ ಕೆಲಸಕ್ಕೆ ಭಾನುವಾರದ ಬಿಡುವು ಸಾಕಾಗುತ್ತದೆ.

ಆಗದೆ ಉಳಿದದ್ದೂ ಇದೆ. ಪುನರ್ನಿರ್ಮಾಣದಿಂದ ಬದಲಾಪುರ, ವಿರಾರ್ ಕಡೆಗೆ ಹೋದವರನ್ನು ನಮ್ಮ ಜತೆಗಾತಿಯರು ತಲುಪಲಾರರು. ಅಲ್ಲಿನ ಸಂಘಗಳಿಗೆ ಹೆಸರು ದಾಟಿಸಿದ್ದೇವೆ, ಎಲ್ಲ ಕಡೆಯಿಂದಲೂ ಉತ್ತರ ಬಂದಿಲ್ಲ. ಜುಲೈಯ ಮಳೆಯಲ್ಲಿ ಸೇವೆ ಹೆಚ್ಚುಕಡಿಮೆ ನಿಲ್ಲುತ್ತದೆ.

ಇದನ್ನು ತಮ್ಮಲ್ಲಿ ಮಾಡಬಯಸುವ ಸಂಘಗಳಿಗೆ ನಾನು ಒತ್ತಿ ಹೇಳುವುದು ಬಾರದವರ ಪಟ್ಟಿಯ ಕುರಿತು. ಅದು ನಿಮ್ಮ ಕಪಾಟಿನಲ್ಲೇ ಇದೆ: ವಾಪಸಾದ ಅಂಚೆಯಲ್ಲಿ, ಹಳೆಯ ಹಾಜರಿ ಪುಸ್ತಕದಲ್ಲಿ, ಶಿಬಿರದ ದಾಖಲೆಯಲ್ಲಿ. ಹೊಸ ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲು ಎರಡು ವರ್ಷದ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿ. ಈ ಸಂಘ ಈಗ ಪ್ರತಿ ಶಿಬಿರದ ನಂತರ ಅದನ್ನೇ ಮಾಡುತ್ತದೆ. ವಾರ್ಷಿಕ ವರದಿಯಲ್ಲಿ ತಪಾಸಣೆಯಾದವರ ಸಂಖ್ಯೆಯ ಪಕ್ಕದಲ್ಲಿ, ಹಿಂದಿನ ವರ್ಷದ ಸಲಹೆ ಈಡೇರದೆ ಉಳಿದವರ ಸಂಖ್ಯೆಯನ್ನೂ ಅಚ್ಚು ಹಾಕುತ್ತದೆ. ಕಳೆದ ಮಹಾಸಭೆಯಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾದದ್ದು ಆ ಎರಡನೆಯ ಸಂಖ್ಯೆ. ಮೂರನೆಯ ಜತೆಗಾತಿಯನ್ನು ನೇಮಿಸುವ ಪ್ರಸ್ತಾವ ಅಲ್ಲಿಂದಲೇ ಬಂದಿದೆ, ಹಣ ಇನ್ನೂ ಹೊಂದಿಲ್ಲ.